ವಾರಗಿತ್ತಿಯ ಬಿಬಿಎ

ಮೈದುನನ ಹೆಂಡತಿ ಮನೆ ತುಂಬಿದ ವಾರದೊಳಗೇ ಅತ್ತೆ ಅವಳ ಓದಿನ ಮಾತು ತೆಗೆದರು. ಹೊಸಪೇಟೆಯಲ್ಲಿ ನಮ್ಮದು ಪೈಪು, ಪಂಪ್‌ಸೆಟ್ಟಿನ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಊಟಕ್ಕೆ ಕೂತಿದ್ದ ಗಂಡಸರ ತಟ್ಟೆಗೆ ಅನ್ನ ಬಡಿಸುತ್ತ ಅತ್ತೆ ಅಂದರು, "ಅಕಿ ಬಿಬಿಎ ಒಂದು ವರ್ಷ ಮುಗಿಸ್ಯಾಳ. ಉಳಿದದ್ದು ಇಲ್ಲೇ ಓದಿ ಮುಗಿಸ್ಲಿ. ಸಣ್ಣ ವಯಸ್ಸು, ಮನ್ಯಾಗ ಕುಂತು ಏನ್ ಮಾಡ್ತಾಳ."

ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಕಿವಿಯಲ್ಲಿ ಯಾರೋ ಬಿಸಿನೀರು ಹೊಯ್ದಂತಾಯಿತು. ನಾನು ಮೆಟ್ರಿ ಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನನಗೂ ಅವಳದೇ ವಯಸ್ಸು. ಕಂಪ್ಲಿಯಲ್ಲಿ ಪಿಯುಸಿ ಮುಗಿಸಿದ್ದೆ, ಡಿಗ್ರಿಗೆ ಸೇರಲೇ ಎಂದು ಕೇಳಿದ್ದೆ. ಆಗ ಇದೇ ಅತ್ತೆ, "ಓದಿ ಏನ್ ಮಾಡ್ತಿ, ಮನಿ ಐತಲ್ಲ" ಅಂದಿದ್ದರು. ನಾನು ತಲೆಯಾಡಿಸಿ ಅಕ್ಕಿ ಆರಿಸಲು ಕೂತಿದ್ದೆ. ಈಗ ನನ್ನ ಮಗಳೇ ಆರನೇ ಕ್ಲಾಸು.

ಕಾಲೇಜಿಗೆ ಅವಳೊಬ್ಬಳನ್ನೇ ಕಳಿಸುವುದು ಬೇಡವೆಂದು ನನ್ನನ್ನು ಜೊತೆಗೆ ಅಟ್ಟಿದರು. ಅವಳು ಆಂಧ್ರದ ಗಡಿಯ ಊರಿನವಳು. ಮನೆಯಲ್ಲಿ ಕನ್ನಡ ಆಡಿ ಬೆಳೆದಿದ್ದರೂ ಓದಿದ್ದೆಲ್ಲ ತೆಲುಗು, ಇಂಗ್ಲಿಷು. ನೇರಳೆ ಬಣ್ಣದ ಚೂಡಿದಾರ ಹಾಕಿಕೊಂಡು, ಬೆನ್ನಿಗೆ ಬ್ಯಾಗು ಏರಿಸಿ, ನನ್ನ ಪಕ್ಕ ಆಟೋದಲ್ಲಿ ಕೂತಳು. ನಾನು ಸೀರೆ ಸೆರಗು ಸರಿಮಾಡಿಕೊಂಡೆ. ನನ್ನ ಕೈಯಲ್ಲಿ ಅವಳ ನೀರಿನ ಬಾಟಲಿ ಇತ್ತು.

ಪ್ರವೇಶದ ಕೆಲಸ ನೋಡಿಕೊಳ್ಳುವ ಮೇಡಂ ಅವಳ ಅಂಕಪಟ್ಟಿಗಳನ್ನು ತಿರುವಿ ನೋಡಿದರು. "ನೋಡ್ರಿ, ಬ್ಯಾರೆ ಯುನಿವರ್ಸಿಟಿಯಿಂದ ಬಂದೀರಿ. ಅಲ್ಲಿ ಓದಿದ್ದೆಲ್ಲ ಇಲ್ಲಿ ಹಂಗs ಸೇರಂಗಿಲ್ಲ. ಅಕೌಂಟ್ಸು, ಮ್ಯಾನೇಜ್ಮೆಂಟು ಸರಿ ಹೊಂದ್ತಾವು. ಭಾಷಿ ಹೊಂದಂಗಿಲ್ಲ. ನೀವು ತೆಲುಗು ಬರ್ದೀರಿ, ನಮ್ಮಲ್ಲಿ ತೆಲುಗಿಲ್ಲ. ಮೊದಲ್ನೇ ವರ್ಷದ ಕನ್ನಡ ಪೇಪರ್ ಬರೀಬೇಕು. ಕೋರ್ಸಿನ ಹೊರಗಿಂದ ಒಂದು ವಿಷಯ ತಗೋಬೇಕು, ಅದೂ ಬಾಕಿ ಐತಿ."

ವಾರಗಿತ್ತಿ ಬೆವರತೊಡಗಿದಳು. ಯಾವುದನ್ನು ಈಗ ಬರೆಯಬೇಕು, ಯಾವುದನ್ನು ಮುಂದಿನ ಸೆಮಿಸ್ಟರಿಗೆ ಬಿಡಬಹುದು, ಎಷ್ಟು ಕ್ರೆಡಿಟ್ ಕೂಡಿದರೆ ಮೂರನೇ ವರ್ಷಕ್ಕೆ ದಾಟಬಹುದು ಎಂದು ಮೇಡಂ ಹೇಳುತ್ತ ಹೋದರು. ಅವಳು ತಲೆಯಾಡಿಸುತ್ತಿದ್ದಳಷ್ಟೇ. ನನಗೆ ಎಲ್ಲ ತಿಳಿಯುತ್ತಿತ್ತು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ ನನಗೆ ಒಂದೊಂದು ಮಾತೂ ನೀರು ಕುಡಿದಷ್ಟು ಸಲೀಸಾಗಿ ಇಳಿಯುತ್ತಿತ್ತು. ಅದೇ ನನ್ನನ್ನು ಹೆಚ್ಚು ಉರಿಸಿತು. ತಿಳಿಯದವಳಿಗೆ ಕುರ್ಚಿ, ತಿಳಿದವಳಿಗೆ ಸ್ಟೂಲು.

ದಾರಿಯಲ್ಲಿ ಅವಳು ಕೇಳಿದಳು, "ಅಕ್ಕಾ, ನನಗೊಂದೂ ಅರ್ಥ ಆಗ್ಲಿಲ್ಲ. ನಿಮಗೇನಾದ್ರೂ ಆಯ್ತಾ?"

"ಹಬ್ಬದ ಅಡಿಗಿ ಇದ್ದಂಗ," ಅಂದೆ. "ಹೋಳಿಗಿ, ಅನ್ನ, ಸಾರು ಬಿಡಂಗಿಲ್ಲ. ಪಲ್ಯ ಯಾವುದು ಅನ್ನೋದು ನಿನ್ನ ಇಷ್ಟ. ನಿನಗ ಈಗ ಅನ್ನನs ಬಾಕಿ ಐತಿ, ಕನ್ನಡ. ಅದನ್ನ ಈ ಸೆಮಿಸ್ಟರ್‌ನಾಗ ಮುಗಿಸು. ಹೊರಗಿನ ವಿಷಯ ಮುಂದಿನ ಸಲ ತಗೋ."

ಮನೆಗೆ ಬಂದು ಅವಳು ಇದನ್ನೇ ಚೆಂದವಾಗಿ ಒಪ್ಪಿಸಿದಳು. ಮೈದುನ ಹಿಗ್ಗಿದ. ನನ್ನ ಗಂಡ ಕೂಡ, "ಹುಡುಗಿ ಚುರುಕದಾಳ" ಅಂದರು. ನಾನು ರೊಟ್ಟಿ ಬಡಿದೆ. ರೊಟ್ಟಿ ಅವತ್ತು ಭಾಳ ತೆಳ್ಳಗೆ ಬಂದವು.

ಕನ್ನಡ ಕಲಿಸುವ ಕೆಲಸ ನನ್ನ ಪಾಲಿಗೇ ಬಂತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡಿಗೆಮನೆಯ ನೆಲದಲ್ಲಿ ಇಬ್ಬರೂ ಕೂರುತ್ತಿದ್ದೆವು. ತೆಲುಗು ಲಿಪಿ ಬರುತ್ತಿದ್ದುದರಿಂದ ಅಕ್ಷರಗಳನ್ನು ಬೇಗ ಹಿಡಿದಳು. ಒತ್ತಕ್ಷರದಲ್ಲಿ ತಪ್ಪುತ್ತಿದ್ದಳು. ಅವಳು ತಪ್ಪಿದಾಗ ನನಗೆ ಸಣ್ಣ ಸಂತೋಷ, ತಿದ್ದಿಕೊಂಡಾಗ ಸಣ್ಣ ಸಂಕಟ. ಅವಳ ಬಿಬಿಎ ಪುಸ್ತಕಗಳನ್ನು ಅವಳು ಮಲಗಿದ ಹೊತ್ತಿಗೆ ನಾನು ಓದುತ್ತಿದ್ದೆ. ಇಂಗ್ಲಿಷು ಕಷ್ಟವಾಗುತ್ತಿತ್ತು, ಆದರೆ ವಿಷಯ ಅಂಗಡಿಯದೇ. ಸಾಲ ಕೊಟ್ಟರೆ ಗಿರಾಕಿ ಉಳಿಯುತ್ತಾನೆ, ಸರಕು ಉಳಿದರೆ ದುಡ್ಡು ಸಾಯುತ್ತದೆ. ಇದಕ್ಕೂ ಪರೀಕ್ಷೆ ಇದೆ ಎಂಬುದು ಆಶ್ಚರ್ಯವಾಗಿತ್ತು.

ಅವಳು ಹೊರಗಿನ ವಿಷಯವಾಗಿ ಪ್ರವಾಸೋದ್ಯಮ ತೆಗೆದುಕೊಂಡಾಗ ಕಾಲೇಜಿನವರು ಹಂಪಿಗೆ ಕರೆದೊಯ್ದರು. ಟೋಪಿ ಹಾಕಿಕೊಂಡು, ಅಂಗಡಿಯವರನ್ನೂ ಪ್ರವಾಸಿಗರನ್ನೂ ಮಾತಾಡಿಸಿ ಬರೆದುಕೊಂಡು ಬಂದಳು. ಹಂಪಿ ನಮಗೇನು ಹೊಸದೇ. ನೆಂಟರು ಬಂದಾಗಲೆಲ್ಲ ಬುತ್ತಿ ಹೊತ್ತು ಹೋಗಿದ್ದೇನೆ. ಆದರೆ ಅಲ್ಲಿ ನಿಂತು ಯಾರನ್ನಾದರೂ ಪ್ರಶ್ನೆ ಕೇಳುವ ಅಧಿಕಾರ ನನಗಿದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅವತ್ತು ಸಂಜೆ ನನ್ನ ಮಗಳು ಇಂಗ್ಲಿಷ್ ಪಾಠ ಹಿಡಿದು ನನ್ನನ್ನು ದಾಟಿಕೊಂಡು ವಾರಗಿತ್ತಿಯ ಕೋಣೆಗೆ ಹೋದಳು. "ಅಮ್ಮಗ ಗೊತ್ತಿಲ್ಲ, ಚಿಕ್ಕಮ್ಮಗ ಗೊತ್ತೈತಿ" ಎಂದು ಅತ್ತೆಗೆ ಹೇಳುತ್ತಿದ್ದುದು ಕೇಳಿಸಿತು. ಆ ಮಾತನ್ನು ನಾನು ಎಷ್ಟೋ ದಿನ ಅಗಿದೆ.

ಮರುವಾರ ಒಬ್ಬಳೇ ಕಾಲೇಜಿಗೆ ಹೋದೆ. ಮೇಡಂ ಗುರುತು ಹಿಡಿದು, "ನಿಮ್ಮ ತಂಗಿದೇನಾದ್ರೂ ಕೆಲ್ಸ ಐತೇನ್ರಿ?" ಎಂದರು.

"ಅಕಿದಲ್ರಿ. ನಾನು ಆರ್ಟ್ಸ್‌ನಾಗ ಪಿಯುಸಿ ಮಾಡೀನಿ, ಭಾಳ ವರ್ಷ ಆತು. ನನಗೆ ಬಿಬಿಎ ಸಿಗತೈತೇನ್ರಿ?"

ಮೇಡಂ ಕುರ್ಚಿ ತೋರಿಸಿದರು. "ಕುಂದ್ರಿ. ಬಿಬಿಎಗೆ ಯಾವ ಪಿಯುಸಿ ಆದ್ರೂ ನಡೀತೈತಿ. ಅಕೌಂಟ್ಸ್ ಓದಿಲ್ಲ ಅಂದ್ರ ಮೊದಲ್ನೇ ಸೆಮಿಸ್ಟರ್ ಜರಾ ಕಷ್ಟ. ಟಿ.ಸಿ. ಇಟ್ಟೀರೇನು?"

ಟಿ.ಸಿ. ಕಂಪ್ಲಿಯ ಕಾಲೇಜಿನಲ್ಲೇ ಉಳಿದಿತ್ತು. ತವರಿಗೆ ಹೋಗುವ ನೆಪ ಮಾಡಿ ಅದನ್ನು ತಂದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಒಲೆಯ ಮುಂದೆ ಅತ್ತೆಗೆ ಹೇಳಿದೆ.

"ಅತ್ತೀ, ನಾನೂ ಕಾಲೇಜಿಗೆ ಸೇರ್ತೀನ್ರಿ."

ಅವರು ತಿರುಗಲಿಲ್ಲ. "ಅಡಿಗಿ?"

"ಮಾಡಿಟ್ಟು ಹೋಗ್ತೀನಿ. ಮಧ್ಯಾಹ್ನಕ್ಕ ಬಂದ್ಬಿಡ್ತೀನಿ."

ಅವರು ಮತ್ತೆ ಬೇಳೆ ತಿರುವತೊಡಗಿದರು. ನಾನು ಕೂಡಿಟ್ಟಿದ್ದ ಸಿಟ್ಟೆಲ್ಲ ಬಾಯಿಗೆ ಬಂತು. "ಅಕಿಗೆ ನೀವೇ ಓದು ಅಂದ್ರಿ. ನನಗ್ಯಾಕ ಬ್ಯಾಡ ಅಂದ್ರಿ?"

"ಅಕಿ ಅಪ್ಪ ಮದುವಿ ಮಾತುಕತಿಯಾಗ ಮಾತು ತಗಂಡಿದ್ದ, ಓದಿಸ್ಬೇಕು ಅಂತ. ನಿಮ್ಮಪ್ಪ ಏನೂ ಕೇಳ್ಲಿಲ್ಲ. ನೀ ಒಮ್ಮೆ ಕೇಳಿದ್ದಿ, ನಾ ಬ್ಯಾಡ ಅಂದೆ. ಇನ್ನೊಮ್ಮೆ ಕೇಳ್ತಿ ಅಂದ್ಕಂಡಿದ್ದೆ. ನೀ ಸುಮ್ನಾದಿ." ಸೌಟನ್ನು ಪಕ್ಕಕ್ಕಿಟ್ಟರು. "ಹೋಗು. ರೊಟ್ಟಿ ಮಾತ್ರ ನೀನs ಮಾಡಬೇಕು, ಅಕಿ ಕೈಯಾಗ ಹರೀತಾವು."

ಒಪ್ಪಿಗೆ ಸಿಕ್ಕಿತು. ಆದರೆ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಅದು ಅವಳ ಅಪ್ಪನವರೆಗೂ ಬೆಳೆಯಿತು. ಇನ್ನೊಮ್ಮೆ ಕೇಳದಿದ್ದವಳು ನಾನೇ ಎಂಬುದು ಒಳಗೆಲ್ಲೋ ಚುಚ್ಚುತ್ತಿತ್ತು. ಅದರ ಮೇಲೆ ಅವಳನ್ನು ಕಂಡರೆ ಮತ್ತಷ್ಟು ಉರಿ.

ಅವಳು ಕೊನೆಯ ವರ್ಷದಲ್ಲಿದ್ದಾಗ ನಾನು ಮೊದಲ ವರ್ಷ ಸೇರಿದೆ. ಅವಳ ಸ್ಕೂಟಿಯ ಹಿಂದೆ ಕೂತು ಹೋಗುತ್ತಿದ್ದೆ. ಮೊದಲ ದಿನ ನಾನು ಕ್ಲಾಸಿನ ಒಳಗೆ ಕಾಲಿಟ್ಟಾಗ ಹುಡುಗ ಹುಡುಗಿಯರೆಲ್ಲ ಎದ್ದು ನಿಂತು, "ಗುಡ್ ಮಾರ್ನಿಂಗ್ ಮೇಡಂ" ಅಂದರು. ಹಿಂದಿನ ಬೆಂಚಿಗೆ ಹೋಗಿ ಕೂತ ಮೇಲೆ ಅವರಿಗೆ ತಿಳಿಯಿತು. ಬಾಗಿಲಲ್ಲಿ ನಿಂತು ನೋಡಿದ ವಾರಗಿತ್ತಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಅವಳೇನೂ ಕುಹಕದಿಂದ ನಕ್ಕಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ಅವಳಲ್ಲಿ ದೂರಲು ಏನೂ ಸಿಗದಿರುವುದೇ ನನಗೆ ದೊಡ್ಡ ಕಷ್ಟವಾಗಿತ್ತು.

ಕೊನೆಯ ಸೆಮಿಸ್ಟರಿನಲ್ಲಿ ಸಂಡೂರಿನ ಗಣಿ ಕಂಪನಿಯೊಂದರ ಆಫೀಸಿಗೆ ಇಂಟರ್ನ್‌ಶಿಪ್ ಹೋದಳು. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು, ಕೆಂಪು ಧೂಳು ಹೊತ್ತು ಬಸ್ಸಿನಿಂದ ಇಳಿಯುತ್ತಿದ್ದಳು. ಪಾಸಾದ ಮೇಲೆ ಮೈದುನ ಅವಳನ್ನು ಅಂಗಡಿಯ ಗಲ್ಲಾದಲ್ಲಿ ಕೂರಿಸಿದ. ಬುಕ್ಕಸಾಗರದ ರೈತರು ಅವಳನ್ನು, "ಮೇಡಂ, ಈ ಮೋಟರ್‌ಗೆ ಗ್ಯಾರಂಟಿ ಎಷ್ಟ್ರಿ?" ಎಂದು ಕೇಳುತ್ತಾರೆ. ಚಹಾ ತಂದಿಡುವ ನನಗೆ ಅವರು "ಅಕ್ಕಾರ" ಅನ್ನುತ್ತಾರೆ.

ಈ ವರ್ಷ ನಾನು ಮೂರನೇ ವರ್ಷಕ್ಕೆ ಬಂದೆ. ಮಾರ್ಕೆಟಿಂಗೋ, ಫೈನಾನ್ಸೋ, ಎಚ್‌ಆರೋ, ಒಂದನ್ನು ಆರಿಸಬೇಕು. ವಾರಗಿತ್ತಿ ತನ್ನ ನೋಟ್ಸುಗಳನ್ನೆಲ್ಲ ಹೊಲಿಸಿ ತಂದಿಟ್ಟಳು. "ಅಕ್ಕಾ, ಮಾರ್ಕೆಟಿಂಗ್ ತಗೋರಿ. ನಾ ಓದಿದ್ದೇ ಅದು. ಎಲ್ಲಾ ನಾ ಹೇಳ್ಕೊಡ್ತೀನಿ."

"ಇಲ್ಲ," ಅಂದೆ, "ನಾನು ಫೈನಾನ್ಸ್."

ಯಾಕೆಂದು ಮೇಡಂ ಕೇಳಿದಾಗ ಅಂಗಡಿಗೆ ಉಪಯೋಗವಾಗುತ್ತದೆ ಎಂದೆ. ನಿಜವೇನೆಂದರೆ ಅವಳು ಓದಿದ್ದನ್ನೇ ನಾನೂ ಓದುವುದು ನನಗೆ ಬೇಡವಾಗಿತ್ತು. ಮೊದಲ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದದ್ದು ಒಂದೂ ತಲೆಗೆ ಹತ್ತಲಿಲ್ಲ. ಮನೆಗೆ ಬಂದು ಮನಸ್ಸಿಲ್ಲದ ಮನಸ್ಸಿನಿಂದ ಗಲ್ಲಾದ ಮುಂದೆ ನಿಂತು ಅವಳನ್ನೇ ಕೇಳಿದೆ. ಅವಳು ಪುಸ್ತಕ ಹಿಂದೆ ಮುಂದೆ ತಿರುಗಿಸಿ, "ಅಕ್ಕಾ, ನನಗೂ ಇದು ಗೊತ್ತಿಲ್ರಿ" ಅಂದಳು.

ಅವತ್ತು ನಾನು ಬಹಳ ಚೆನ್ನಾಗಿ ಊಟ ಮಾಡಿದೆ.