ಬಾಗಿಲ ಸಂದಿನಿಂದ ಬಂದ ಕೈ

ಮೊನ್ನೆ ಮೊಮ್ಮಗಳ ಮದುವೆಗೆ ಬಳೆ ತೊಡಿಸುವಾಕೆ ಬಂದು ಡಬ್ಬಿ ಬಿಚ್ಚಿದಳು. ಹಸಿರು ಬಳೆಗಳ ನಡುವೆ ಒಂದಿಷ್ಟು ಹಳದಿ ಗಾಜಿನವು ಮಿಂಚಿದವು. ಅಷ್ಟೇ ನೋಡ್ರಿ, ನನ್ನ ಕಣ್ಣು ತುಂಬಿ ಬಂದವು. ಸಂತೋಷಕ್ಕೇ ಬಂದವು, ಅದನ್ನೂ ಹೇಳಿಬಿಡುತ್ತೇನೆ.

ಎಪ್ಪತ್ತೈದು, ಎಪ್ಪತ್ತಾರರ ಮಾತು. ನಾವು ಮಲ್ಲಟದಲ್ಲಿದ್ದೆವು. ರಾಯಚೂರಿನಿಂದ ಊರೂರು ತಿರುಗುತ್ತ ಬಳೆಗಾರ್ತಿಯೊಬ್ಬಳು ಬರುತ್ತಿದ್ದಳು. ಹೆಗಲ ಮೇಲೆ ಬಳೆ ಪೋಣಿಸಿದ ಮಲಾರ, ಬಾಯಲ್ಲಿ ಎಲೆಅಡಿಕೆ. ಮುಸಲ್ಮಾನರಾಕೆ. ಅವರ ಮನೆಮಾತಿನಲ್ಲಿ ಅಕ್ಕ ಅನ್ನುವುದಕ್ಕೆ ಆಪಾ ಅಂತಾರೆ, ನಾವೂ ಹಾಗೇ ಕರೆಯುತ್ತಿದ್ದೆವು.

ನನ್ನ ಕಿರಿಮಗಳಿಗೆ ಆಗ ಏಳು ವರ್ಷ. ಬುದ್ಧಿ ಬೆಳೆಯುವುದು ನಿಧಾನ, ಮಾತು ತೊದಲು. ಯಾರಾದರೂ ಬಂದರೆ ಆಕೆಯನ್ನು ಖೋಲಿಯೊಳಗೆ ಬಿಟ್ಟು ಬಾಗಿಲು ಮುಂದೆ ಮಾಡುತ್ತಿದ್ದೆ. ಹೊಡೆದದ್ದಿಲ್ಲ, ಉಪವಾಸ ಇಟ್ಟದ್ದಿಲ್ಲ… ಆದರೆ ಬಾಗಿಲು ಹಾಕಿದ್ದು ನಾನೇ.

ಒಂದು ಪಂಚಮಿಗೆ ಆಪಾ ದೊಡ್ಡ ಮಗಳಿಗೆ ಬಳೆ ತೊಡಿಸುತ್ತಿದ್ದಳು. ಗಾಜಿನ ಸದ್ದು ಕೇಳಿ ಖೋಲಿಯ ಬಾಗಿಲ ಸಂದಿನಿಂದ ಒಂದು ಪುಟ್ಟ ಕೈ ಹೊರಗೆ ಬಂತು. ನನ್ನ ಜೀವ ಹಾರಿಹೋಯಿತು. ಆಪಾ ಬಾಗಿಲ ಹತ್ತಿರ ಸರಿದು ಕೂತು, ಆ ಕೈಯನ್ನು ಮೆಲ್ಲಗೆ ಒತ್ತಿ ಒತ್ತಿ ಹಳದಿ ಬಳೆ ಏರಿಸಿದಳು. ಒಳಗಿನಿಂದ ಕಿಲಕಿಲ ನಗು!

“ಎಂಥಾ ಮೆತ್ತನ್ನ ಕೈ ಅದ ಬೇ ಇದು! ನಿನ್ನ ಕೈ ನೋಡು, ಕೊಡ್ಲಿ ಕಾವು ಇದ್ದಂಗ ಅದ,” ಎಂದು ನನ್ನನ್ನೇ ಛೇಡಿಸಿದಳು. ಆಮೇಲೆ ಸಂದಿನಿಂದ ಒಳಗೆ ಇಣುಕಿ, ದನಿ ತಗ್ಗಿಸಿ, “ಇಂಥ ಕೂಸು ನಿನಗೊಬ್ಬಾಕಿಗೇ ಅಂತ ತಿಳ್ಕೊಂಡೀಯೇನು? ಈ ಊರಾಗ ಇನ್ನೊಂದು ಮನ್ಯಾಗ ಅದ. ದೇವದುರ್ಗದ ಕಡೆ ನಾಕು ಮನ್ಯಾಗ ಅದಾವ. ಎಲ್ಲಾರೂ ನಿನ್ನಂಗ ಬಾಗ್ಲಾ ಹಾಕ್ಯಾರ,” ಅಂದಳು.

ಎಲ್ಲರ ಮನೆಯ ಒಳಗಿನ ತನಕ ಹೋಗುವಾಕೆ ಆಕೆಯೊಬ್ಬಳೇ. ಇಂಥ ಮಕ್ಕಳ ತಾಯಂದಿರಿಗೆಲ್ಲ ಗುರುತಿಗೆಂದು ಹಸಿರು ಬಳೆಗಳ ನಡುವೆ ಒಂದೊಂದು ಹಳದಿ ತೊಡಿಸುತ್ತ ಹೋದಳು. ಮಾನ್ವಿ ಸಂತೆಯಲ್ಲಿ ನಾವು ಮುಖ ನೋಡುವ ಮೊದಲು ಕೈ ನೋಡುತ್ತಿದ್ದೆವು. ಹಳದಿ ಕಂಡರೆ ಸಾಕು, “ನಿಮ್ಮದು ಗಂಡೋ ಹೆಣ್ಣೋ?” ಎಂದು ಮಾತಿಗೆ ಕೂಡುವುದೇ. ಮೊದಲು ಮೂವರು, ಆಮೇಲೆ ಒಂಬತ್ತು ಮಂದಿ. ಬರಬರುತ್ತ ಮಕ್ಕಳನ್ನೂ ಸಂತೆಗೆ ತಂದೆವು. ಕೂಡಿ ನಡೆದರೆ ನಗುವವರು ಕಡಿಮೆ.

ಒಂದು ದಿನ ಎಲ್ಲರೂ ಸೇರಿ ನಮ್ಮೂರ ಶಾಲೆಗೆ ಹೋದೆವು. ಮುಂದೆ ಆಪಾ.

“ಇವರಿಗೆ ಅಕ್ಷರ ಹತ್ತಂಗಿಲ್ಲ ಯವ್ವಾ, ಸುಮ್ನ ಯಾಕ?” ಅಂದರು ಹೆಡ್ ಮಾಸ್ತರು.

ನನಗೆ ಎಲ್ಲಿಂದ ಧೈರ್ಯ ಬಂತೋ. “ನನಗೂ ಹತ್ತಿಲ್ರೀ ಸರ. ಹಂಗಂತ ನನ್ನ ಯಾರೂ ಖೋಲ್ಯಾಗ ಹಾಕಿಲ್ಲಲ್ರೀ?”

ಆಪಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಾಸ್ತರು ಹಾಜರಿ ಪುಸ್ತಕ ಎಳೆದುಕೊಂಡು, “ಕೂಡಸ್ರಿ,” ಅಂದರು. ಮಗಳಿಗೆ ಅಕ್ಷರ ಹತ್ತಿದ್ದು ನಾಕೋ ಐದೋ. ಗೆಳತಿಯರು ಮಾತ್ರ ಒಂದು ಓಣಿ ತುಂಬ! ಆಮೇಲೆ ಒಬ್ಬೊಬ್ಬರ ಊರ ಶಾಲೆಗೂ ಕೂಡಿಯೇ ಹೋದೆವು. ದೇವದುರ್ಗಕ್ಕೆ ಮೂರು ಸಲ ಹೋಗಬೇಕಾಯಿತು, ಹೋದೆವು.

ಎಂಬತ್ತರ ಆಚೆ ಒಂದು ಪಂಚಮಿ ಬಂತು, ಆಪಾ ಬರಲಿಲ್ಲ. ರಾಯಚೂರಿನಲ್ಲಿ ಅವರ ಓಣಿ ಹುಡುಕಿ ಹೋಗುವಷ್ಟರಲ್ಲಿ ಆಕೆ ಮಣ್ಣಾಗಿ ತಿಂಗಳಾಗಿತ್ತು… ಮಲಾರ ಗೂಟಕ್ಕೆ ತೂಗುತ್ತಿತ್ತು.

ಮೊನ್ನೆ ಮೊಮ್ಮಗಳು, “ಹಳದೀವು ನಮ್ಮ ಚಿಗವ್ವಗ ಅಂತನ ತರಿಸೀನಿ. ಮೊದ್ಲ ಆಕಿಗೆ ಇಡ್ರಿ,” ಅಂದಳು. ಕೂದಲು ಬೆಳ್ಳಗಾದ ನನ್ನ ಕಿರಿಮಗಳು ನಡುಮನೆಯಲ್ಲಿ, ಬೀಗರೆಲ್ಲರ ಮುಂದೆ ಕೂತು ಕೈ ಚಾಚಿದಳು. ಅದೇ ಕಿಲಕಿಲ ನಗು… ಕೈ ಹಿಡಿದಾಕೆ ಮಾತ್ರ ಬೇರೆ.