ಎಸ್ತೇರಮ್ಮ ಹಿಂದೆ ಉಳಿದ ಬುಧವಾರ

ಹೇಳಿದ ದಿನಕ್ಕಿಂತ ಮೊದಲೇ ಬ್ಲೌಸ್ ಹೊಲಿದುಕೊಡುವ ಟೈಲರ್ ಒಬ್ಬರಿದ್ದಾರೆಂದರೆ ಯಾರೂ ನಂಬುವುದಿಲ್ಲ. ಕುವೆಂಪುನಗರದ ಹೆಂಗಸರು ಮಾತ್ರ ನಂಬುತ್ತಾರೆ, ಯಾಕೆಂದರೆ ಅವರಿಗೆ ಎಸ್ತೇರಮ್ಮ ಗೊತ್ತು. "ಕರ್ತನು ಯಾವ್ ಗಳಿಗೇಲಿ ಬರ್ತಾನೋ ಯಾರಿಗ್ ಗೊತ್ತು ಕಣಮ್ಮ? ನಾನು ಮೇಲಕ್ಕೆ ಹೋಗ್ಬುಟ್ರೆ ನಿನ್ ಬ್ಲೌಸಿಗೆ ಹುಕ್ಸ್ ಯಾರ್ ಹಾಕ್ತಾರೆ?" ಎಂದು ನಗದೆಯೇ ಕೇಳುತ್ತಾಳೆ.

ಯೇಸುಸ್ವಾಮಿ ಮತ್ತೆ ಬರುತ್ತಾನೆ, ರೆಪ್ಪೆ ಬಡಿಯುವಷ್ಟರಲ್ಲಿ ತನ್ನವರನ್ನು ಮೇಲಕ್ಕೆ ಕರೆದುಕೊಳ್ಳುತ್ತಾನೆ, ಸಿದ್ಧವಿಲ್ಲದವರು ಇಲ್ಲೇ ಉಳಿಯುತ್ತಾರೆ ಎಂಬುದು ಅವಳ ಚರ್ಚಿನ ಸಭೆಯವರ ನಂಬಿಕೆ. ಮಿಕ್ಕವರು ಅದನ್ನು ಭಾನುವಾರ ಕೇಳಿ ಸೋಮವಾರ ಮರೆಯುತ್ತಾರೆ. ಎಸ್ತೇರಮ್ಮ ಹಾಗಲ್ಲ. ಸಿಂಕಿನಲ್ಲಿ ಎಂಜಲು ತಟ್ಟೆ ಬಿಟ್ಟು ಮಲಗಿದವಳಲ್ಲ, ಕಾಯಿಲೆ ಬಿದ್ದವರನ್ನು ನಾಳೆ ನೋಡಿದರಾಯಿತು ಅಂದವಳೂ ಅಲ್ಲ.

ಆದರೆ ದೀಪದ ಬುಡದಲ್ಲೇ ಕತ್ತಲೆ ನೋಡಿ. ಗಂಡನ ತಂಗಿ ಜ್ಞಾನಮಣಿಯ ಜೊತೆ ಅವಳಿಗೆ ಮಾತಿರಲಿಲ್ಲ. ಮೂರು ವರ್ಷದ ಹಿಂದೆ ಕ್ರಿಸ್‌ಮಸ್‌ನಲ್ಲಿ, ಸಭಾಪಾಲಕರಾದ ಅಯ್ಯನವರು ಜ್ಞಾನಮಣಿಯ ಕಜ್ಜಾಯವನ್ನು ಹೊಗಳಿದ್ದರು. ಎಸ್ತೇರಮ್ಮನಿಗೆ ತಡೆಯಲಾಗಲಿಲ್ಲ. "ಅದನ್ನ ಕಚ್ಚೋಕೆ ಹಲ್ಲು ಸಾಲ್ದು ಅಯ್ಯನೋರೇ, ಸುತ್ತಿಗೆ ತರ್ಬೇಕು" ಅಂದುಬಿಟ್ಟಳು. ಎಲ್ಲರೂ ನಕ್ಕರು, ಜ್ಞಾನಮಣಿ ಅತ್ತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಭೆಯವರ ಬುಧವಾರದ ಪ್ರಾರ್ಥನೆ ಮನೆಯಿಂದ ಮನೆಗೆ ಸುತ್ತುತ್ತದೆ. ಕಳೆದ ಜುಲೈನಲ್ಲಿ ಸರದಿ ಶ್ರೀರಾಂಪುರದ ಜ್ಞಾನಮಣಿಯ ಮನೆಗೆ ಬಂತು. ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸಿ ಎಸ್ತೇರಮ್ಮ ಸ್ಕೂಟರ್ ಹತ್ತುವಷ್ಟರಲ್ಲಿ ಹೊತ್ತಾಗಿತ್ತು.

ಬಾಗಿಲು ತೆರೆದಿತ್ತು. ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಫ್ಯಾನು ತಿರುಗುತ್ತಿತ್ತು. ಚಾಪೆಯ ಮೇಲೆ ಬೈಬಲ್ಲುಗಳು ತೆರೆದಂತೆಯೇ ಬಿದ್ದಿದ್ದವು, ಅಯ್ಯನವರ ಕನ್ನಡಕ ಪುಟದ ಮೇಲಿತ್ತು, ಲೋಟಗಳಲ್ಲಿ ಅರ್ಧ ಕುಡಿದ ಕಾಫಿ ಹಾಗೇ ಇತ್ತು. "ಅಯ್ಯನೋರೇ!" ಎಂದು ಕೂಗಿದಳು.

ಬೇರೆ ಯಾರಾದರೂ ಆಗಿದ್ದರೆ ಹಿತ್ತಲಿಗೆ ಹೋಗಿ ಇಣುಕುತ್ತಿದ್ದರು. ಎಸ್ತೇರಮ್ಮನಿಗೆ ಅಷ್ಟು ಸಾಮಾನ್ಯ ಬುದ್ಧಿ ಹೊಳೆಯಲಿಲ್ಲ. ಅವಳಿಗೆ ಹೊಳೆದದ್ದು ಒಂದೇ: ಕರ್ತನು ಬಂದಿದ್ದಾನೆ, ಎಲ್ಲರನ್ನೂ ಬರಿಗಾಲಲ್ಲೇ ಕರೆದುಕೊಂಡು ಹೋಗಿದ್ದಾನೆ, ತಾನೊಬ್ಬಳೇ ಉಳಿದಿದ್ದೇನೆ! ಯಾಕೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಚಾಪೆಯ ಮೇಲೆ ಕುಸಿದು ಗಟ್ಟಿಯಾಗಿ ಅತ್ತಳು. "ತಪ್ಪಾಯ್ತು ಸ್ವಾಮೀ! ಜ್ಞಾನಮಣಿ ಕಜ್ಜಾಯ ಬೆಣ್ಣೆ ಇದ್ದಂಗಿತ್ತು. ಕಲ್ಲಾಗಿದ್ದಿದ್ದು ನಾನ್ ಮಾಡಿದ್ ಕಜ್ಜಾಯಾನೇ. ಹೊಟ್ಟೆಕಿಚ್ಚಿಗೆ ಅಂದ್ಬುಟ್ಟೆ. ನನ್ನ ಕರ್ಕೊಳ್ದೆ ಇದ್ರೂ ಚಿಂತೆ ಇಲ್ಲ, ಅವಳಿಗೆ ಇದೊಂದ್ ಮಾತು ತಿಳಿಸ್ಬುಡಪ್ಪಾ!"

"ಇನ್ನೊಂದ್ಸಲ ಹೇಳಿ ಅತ್ತಿಗೆ."

ಅಡುಗೆಮನೆಯ ಬಾಗಿಲಲ್ಲಿ ಜ್ಞಾನಮಣಿ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮೊಣಕೈತನಕ ಒದ್ದೆ. ಹಿಂದಿನ ಮನೆಯ ಪುಟ್ಟಬಸಮ್ಮನ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತಂತೆ. ಆಕೆ ಕೂಗಿಕೊಂಡ ಕೂಡಲೇ ಪ್ರಾರ್ಥನೆಗೆ ಕೂತವರೆಲ್ಲ ಹಿತ್ತಲ ಬಾಗಿಲಿಂದ ಓಡಿದ್ದರು. ಕರುವಿನ ಕಾಲು ಹಿಡಿದು ಎಳೆದವರು ಸ್ವತಃ ಅಯ್ಯನವರು. ಈಗ ತಾಯಿ, ಕರು ಎರಡೂ ಕ್ಷೇಮ. ಜ್ಞಾನಮಣಿ ಬಿಸಿನೀರಿಗೆಂದು ಬಂದಿದ್ದಳು.

ಎಸ್ತೇರಮ್ಮ ಎದ್ದುಹೋಗಿ ಅವಳನ್ನು ತಬ್ಬಿಕೊಂಡಳು. ಸೀರೆಗೆ ಏನು ಮೆತ್ತಿತೆಂದೂ ನೋಡಲಿಲ್ಲ. "ಕರ್ತನು ಬಂದು ನಿಮ್ಮನ್ನೆಲ್ಲ ಕರ್ಕೊಂಡ್ ಹೋಗ್ಬುಟ್ಟ ಅನ್ಕೊಂಡೆ ಕಣೇ!"

ಜ್ಞಾನಮಣಿ ಬಿದ್ದು ಬಿದ್ದು ನಕ್ಕಳು. ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ನಾನೂ ಹೋಗಿದೀನಿ ಅನ್ಕೊಂಡ್ರಾ? ಮೂರ್ ವರ್ಷ ನಿಮ್ಮ ಮುಖ ನೋಡ್ದೆ ಇದ್ದೋಳು?"

"ಮತ್ತೆ?" ಎಂದಳು ಎಸ್ತೇರಮ್ಮ, ಮೂಗು ಒರೆಸಿಕೊಳ್ಳುತ್ತಾ. "ಮೊದ್ಲು ನಿನ್ನೇ ಕರ್ದಿರ್ತಾನೆ ಅನ್ಕೊಂಡೆ."

ಹಿತ್ತಲಿಂದ ಪುಟ್ಟಬಸಮ್ಮ ಬಿಸಿನೀರು ಬಿಸಿನೀರು ಎಂದು ಕೂಗುತ್ತಲೇ ಇದ್ದಳು. ಅತ್ತಿಗೆ ನಾದಿನಿಯರಿಗೆ ಅದು ಕೇಳಿಸುವ ಹಾಗಿರಲಿಲ್ಲ, ಇಬ್ಬರೂ ಅಳುತ್ತಿದ್ದರು.