ಶುಕ್ರವಾರದ ಲೂರ್ದಮ್ಮ

ಜೋಜಿಪಾಳ್ಯಕ್ಕೆ ಬಂದು ಲೂರ್ದಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಲೂರ್ದಮ್ಮ ಎಂಬ ಪ್ರಶ್ನೆಯೇ ತಿರುಗಿ ಬರುತ್ತದೆ. ಕ್ರೈಸ್ತರ ಊರು, ಬೀದಿಗೊಬ್ಬ ಲೂರ್ದಮ್ಮ, ಮನೆಗೊಬ್ಬ ಜೋಜಪ್ಪ. ‘ಶುಕ್ರವಾರದ ಲೂರ್ದಮ್ಮ’ ಎಂದು ಕೇಳಿ ನೋಡಿ, ಮರಳವಾಡಿಯಲ್ಲಿ ಎಳನೀರು ಕೊಚ್ಚುವವನೂ ಮಚ್ಚಿನ ತುದಿಯಲ್ಲೇ ದಾರಿ ತೋರಿಸುತ್ತಾನೆ. ಅಡ್ಡಹೆಸರು ಇಡುವುದರಲ್ಲಿ ಈ ಕಡೆಯ ಜನ ಯಾವತ್ತೂ ಜಿಪುಣತನ ಮಾಡಿದವರಲ್ಲ.

ಅವಳು ಸೋಲೂರು ಕಡೆಯ ಹೆಣ್ಣು. ಮದುವೆಯಾಗಿ ಬಂದದ್ದು ಚೌರಪ್ಪನ ಮನೆಗೆ. ಚೌರಪ್ಪ ಚರ್ಚಿನ ಗಂಟೆ ಬಾರಿಸುವವನು. ಅವನಪ್ಪನೂ ಅದನ್ನೇ ಮಾಡಿದ್ದ. ಗಂಟೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ, ಲೂರ್ದಮ್ಮ ಕನಕಪುರಕ್ಕೆ ರೇಷ್ಮೆ ಬಿಚ್ಚುವ ಕೆಲಸಕ್ಕೆ ಹೋದಳು. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹಿಡಿದು ಹಿಡಿದು ಅವಳ ಬೆರಳ ತುದಿಗಳು ಮರಗಟ್ಟಿದವು. ಮಗ ಅರುಳಪ್ಪ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದ ಮೇಲೆ ಇನ್ನಾದರೂ ಕಾಲು ಚಾಚಬಹುದು ಅಂದುಕೊಂಡಳು. ಅಷ್ಟರಲ್ಲಿ ಚೌರಪ್ಪನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ತೊದಲಾಯಿತು. ಇನ್ನು ಗಂಟೆಯ ಹಗ್ಗ ಯಾರ ಕೈಗೆ ಎಂದು ಊರಿನವರು ಮಾತಾಡಿಕೊಳ್ಳುತ್ತಿರುವಾಗಲೇ ಒಂದು ಬೆಳಗಿನ ಜಾವ ಗಂಟೆ ಹೊತ್ತಿಗೆ ಸರಿಯಾಗಿ ಬಡಿಯಿತು. ಹೋಗಿ ನೋಡಿದರೆ ಲೂರ್ದಮ್ಮ. ಹೆಂಗಸು ಗಂಟೆ ಬಾರಿಸುವುದುಂಟೇ ಎಂದು ಕೆಲವರು ಮೂಗು ಮುರಿದರು. ಆ ಹೊತ್ತಿಗೆ ಏಳಲು ತಮ್ಮಲ್ಲಿ ಯಾರೂ ತಯಾರಿಲ್ಲ ಎಂದು ಗೊತ್ತಾದ ಮೇಲೆ ಸುಮ್ಮನಾದರು.

ಗಂಟೆ ಎಂದರೆ ಹಗ್ಗ ಎಳೆಯುವುದಷ್ಟೇ ಅಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಪ್ರಾರ್ಥನೆಗೆ ಬಾರಿಸುವ ರೀತಿ ಒಂದು, ಪೂಜೆಗೆ ಕರೆಯುವ ರೀತಿ ಇನ್ನೊಂದು. ಹಬ್ಬಕ್ಕೆ ಎಡೆಬಿಡದ ಬಡಿತ. ಸಾವಿಗೆ ಮಾತ್ರ ಒಂದು ಪೆಟ್ಟು, ಅದರ ದನಿ ಪೂರ್ತಿ ಅಡಗಿದ ಮೇಲೆ ಮತ್ತೊಂದು. ಆ ಗಂಟೆ ಕೇಳಿಸಿದರೆ ಹೊಲದಲ್ಲಿದ್ದವರು ಕುಡುಗೋಲು ಕೆಳಗಿಟ್ಟು ಊರಿಗೆ ಬರಬೇಕು. ಯಾರೇ ಆಗಲಿ, ಎಂಥ ಜಗಳವೇ ಇರಲಿ, ಬರಬೇಕು. ಇನ್ನು ಪವಿತ್ರ ಗುರುವಾರ ಸಂಜೆಯ ಪೂಜೆಯಿಂದ ಶನಿವಾರ ರಾತ್ರಿ ಪಾಸ್ಕದ, ಅಂದರೆ ಈಸ್ಟರಿನ, ಪೂಜೆಯವರೆಗೆ ಯಾವ ಗಂಟೆಯೂ ಇಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲಿರುವಾಗ ಗಂಟೆ ಬಾಯಿ ಬಿಡಬಾರದು. ಮರದ ಗಿಲಕಿಯೊಂದೇ ಲೊಟಲೊಟ ಎನ್ನುತ್ತ ಬೀದಿ ಸುತ್ತುತ್ತದೆ. ಆ ದಿನಗಳಲ್ಲಿ ಯಾರಾದರೂ ಸತ್ತರೆ ಸುದ್ದಿ ಬಾಯಿಂದ ಬಾಯಿಗೆ ಹೋಗಬೇಕೇ ಹೊರತು ಗಂಟೆಯಿಂದಲ್ಲ.

ಹಗ್ಗ ಕೈಗೆ ಬಂದ ಮೊದಲ ವರ್ಷವೇ ಲೂರ್ದಮ್ಮ ಎಡವಿದಳು. ಶುಭಶುಕ್ರವಾರ ಬೆಳಗ್ಗೆ ಎದ್ದವಳೇ ನಿದ್ದೆಗಣ್ಣಲ್ಲಿ ಹೋಗಿ, ದಿನದ ರೂಢಿಯಂತೆ ಪ್ರಾರ್ಥನೆ ಗಂಟೆ ಬಾರಿಸಿಬಿಟ್ಟಳು. ಊರಿಗೆ ಊರೇ ಹಾಸಿಗೆಯಿಂದ ಎದ್ದು ಕೂತು ಬಾಯಿ ಬಿಟ್ಟಿತು. ಒಂದು ತಿಂಗಳು ಬೈದರು, ಆಮೇಲೆ ನಗಲು ಶುರು ಮಾಡಿದರು. ನಗು ಮಾತ್ರ ನಿಲ್ಲಲೇ ಇಲ್ಲ. ಹಿರಿಯರು ಕರೆದು, ‘ಇನ್ನೊಂದ್ ಸಲ ಹಿಂಗಾದ್ರೆ ಹಗ್ಗ ಬ್ಯಾರೆಯವರಿಗೆ’ ಎಂದು ಹೇಳಿದರು. ಅಂದಿನಿಂದ ಅವಳು ಪ್ರತಿ ವರ್ಷ ಪವಿತ್ರ ಗುರುವಾರದ ಪೂಜೆ ಮುಗಿದ ಕೂಡಲೇ ಏಣಿ ಹತ್ತಿ, ಗಂಟೆಯ ನಾಲಿಗೆಗೆ ಒದ್ದೆ ಗೋಣಿತಾಟು ಸುತ್ತಿ, ಹುರಿಯಿಂದ ಬಿಗಿದು, ಹಗ್ಗವನ್ನೂ ಮೇಲಕ್ಕೆ ಸೇದಿ ಕಟ್ಟಿಬಿಡುತ್ತಿದ್ದಳು. ತನ್ನ ಕೈಯನ್ನು ತಾನೇ ನಂಬದ ಹೆಂಗಸು ಇನ್ನೇನು ಮಾಡಿಯಾಳು?

ಇಷ್ಟೆಲ್ಲ ನಿಷ್ಠೆಯ ಊರಲ್ಲಿ ಒಂದು ವಿಚಿತ್ರವೂ ಇತ್ತು. ಚರ್ಚಿನಲ್ಲಿ ‘ಭೇಟಿ ಬಳಗ’ ಎಂದು ಮಾಡಿಕೊಂಡಿದ್ದರು. ಕನಕಪುರದ ಆಸ್ಪತ್ರೆಗೆ ಹೋಗಿ ರೋಗಿಗಳಿಗೆ ಬ್ರೆಡ್ಡು, ಹಣ್ಣು ಹಂಚುತ್ತಿದ್ದರು. ಹಾರೋಹಳ್ಳಿ ಫ್ಯಾಕ್ಟರಿಗಳ ಹಿಂದೆ ಶೀಟಿನ ಕೋಣೆಗಳಲ್ಲಿರುವ ಬಿಹಾರದ ಹುಡುಗರಿಗೆ ಕಂಬಳಿ ಕೊಟ್ಟು ಬಂದಿದ್ದರು. ಒಳ್ಳೆಯ ಕೆಲಸವೇ, ಬೇಡ ಅನ್ನುವುದಿಲ್ಲ. ಪ್ರತಿ ಸಲವೂ ವಾಟ್ಸಾಪ್ ಗುಂಪಿಗೆ ಫೋಟೋ ಬೀಳುತ್ತಿತ್ತು. ಆದರೆ ಚರ್ಚಿನ ಹಿಂದಿನ ಬೀದಿಯಲ್ಲೇ ಹಾಸಿಗೆ ಹಿಡಿದಿದ್ದ ಚೌರಪ್ಪನ ಹೊಸಿಲು ತುಳಿಯಲು ಮಾತ್ರ ಯಾರಿಗೂ ಪುರುಸೊತ್ತಾಗಿರಲಿಲ್ಲ. ಫಾದರ್ ತಿಂಗಳಿಗೊಮ್ಮೆ ಪ್ರಸಾದ ತಂದು ಕೊಟ್ಟು, ನಿಂತ ಕಾಲಲ್ಲೇ ಹೋಗುತ್ತಿದ್ದರು. ಬಾಗಿಲ ಕಡೆ ನೋಡುತ್ತ ಮಲಗಿರುವ ಗಂಡನನ್ನು ಕಂಡಾಗ ಲೂರ್ದಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಯಾರ ಹತ್ತಿರ ಹೇಳಿಕೊಳ್ಳುವುದು?

ಮೊನ್ನೆ ಮೊನ್ನೆಯ ಶುಭಶುಕ್ರವಾರದ ಮಾತಿದು. ಹೊಸದಾಗಿ ಬಂದ ಫಾದರ್ ವಿನ್ಸೆಂಟ್ ಚಿಕ್ಕ ವಯಸ್ಸಿನವರು, ಉತ್ಸಾಹ ಜಾಸ್ತಿ. ‘ಇವತ್ತು ಹೊಟ್ಟೆಯ ಉಪವಾಸದ ಜೊತೆ ಫೋನಿನ ಉಪವಾಸವೂ ಇರಲಿ’ ಎಂದು ಎಲ್ಲರ ಫೋನುಗಳನ್ನೂ ಬೆತ್ತದ ಬುಟ್ಟಿಯೊಂದರಲ್ಲಿ ಇಡಿಸಿದರು. ಮಂಡಿನೋವಿನ ಲೂರ್ದಮ್ಮ ಗುಡ್ಡ ಹತ್ತಲಾರಳು. ಬುಟ್ಟಿ ಕಾಯುವ ಕೆಲಸ ಅವಳಿಗೆ ಬಂತು. ಬಿಸಿಲು ಇಳಿಯುತ್ತಿದ್ದಂತೆ ಶಿಲುಬೆಹಾದಿಯ ಮೆರವಣಿಗೆ ಹೊರಟಿತು. ಮುಂದೆ ದೊಡ್ಡ ಮರದ ಶಿಲುಬೆ ಹೊತ್ತ ಅರುಳಪ್ಪ, ಹಿಂದೆ ಊರೆಲ್ಲ, ಕೊನೆಗೆ ಮೈಕಿನ ಆಟೊ. ಹೊಲ ದಾಟಿ, ಮಾವಿನ ತೋಪು ಹಾಯ್ದು, ಗುಡ್ಡ ಹತ್ತಬೇಕು. ಊರಲ್ಲಿ ಉಳಿದವರು ಎದ್ದು ಓಡಾಡಲಾಗದವರು ಮಾತ್ರ.

ಲೂರ್ದಮ್ಮ ಚರ್ಚಿನ ಮೆಟ್ಟಿಲ ಮೇಲೆ ಜಪಸರ ಹಿಡಿದು ಕೂತಿದ್ದಳು. ಬುಟ್ಟಿಯಲ್ಲೊಂದು ಫೋನು ಗುರ್ ಎಂದು ನಡುಗಿತು. ನಿಂತಿತು. ಇನ್ನೊಂದು ನಡುಗಿತು. ಆಮೇಲೆ ಮೂರ‍್ನಾಲ್ಕು ಒಟ್ಟಿಗೇ. ಫೋನಿನ ಉಪವಾಸ ಮುರಿಯುವುದು ಪಾಪವೋ ಏನೋ ಎಂದು ಅವಳು ಸುಮ್ಮನಿದ್ದಳು. ಆದರೆ ಮಗನ ಫೋನು ಬಿಡಲೊಲ್ಲದು. ಎತ್ತಿ ನೋಡಿದರೆ ಜಯಕುಮಾರ್. ಪಕ್ಕದ ಹಳ್ಳಿಯ ಒಕ್ಕಲು ಮನೆಯ ಹುಡುಗ, ಅರುಳಪ್ಪನ ಗೆಳೆಯ, ಅರಣ್ಯ ಇಲಾಖೆಯವರ ಜೊತೆ ಆನೆ ಕಾಯುವ ಕೆಲಸ ಮಾಡುವವನು.

“ಎಲ್ ಸತ್ತಿದ್ದೀಯ್ಲಾ ಅರುಳಾ? ಫೋನ್ ಎತ್ತಕ್ಕೇನ್ಲಾ ರೋಗ ನಿಂಗೆ?”

“ನಾನು ಕಣಪ್ಪ, ಅವರವ್ವ. ಎಲ್ಲಾ ಗುಡ್ಡದ ಕಡೆ ಹೊಂಟವ್ರೆ.”

“ಅಯ್ಯೋ ಅಮ್ಮೋ, ಹೋಗ್ಬ್ಯಾಡಿ ಅನ್ನಿ! ಕೆರೆ ಹಿಂದ್ಲ ನೀಲಗಿರಿ ತೋಪಲ್ಲಿ ಆನೆ ಹಿಂಡು ನಿಂತಿತ್ತು. ಯಾರೋ ಪಟಾಕಿ ಹೊಡ್ದ್ಬುಟ್ಟವ್ರೆ. ಜೊತೇಲಿ ಮರಿಗಳವೆ, ರೇಗ್ಬುಟ್ಟವೆ. ಕಾಲುವೆ ಗುಂಟ ಮಾವಿನ್ ತೋಪಿಗೇ ನುಗ್ತಾವೆ. ನಾವು ಈಚೆ ಕಡೆ ಸಿಕ್ಕಾಕ್ಕೊಂಡಿದ್ದೀವಿ, ದಾಟಂಗಿಲ್ಲ. ಹೆಂಗಾರ ಮಾಡಿ ವಾಪಸ್ ಕರೀರಿ!”

ಯಾರನ್ನು ಕರೆಯುವುದು? ಎಲ್ಲರ ಫೋನೂ ಅವಳ ಮಡಿಲಲ್ಲೇ ಇವೆ. ಓಡಲು ಕಾಲಿಲ್ಲ. ಕೂಗಿದರೆ ಮೈಕಿನ ಹಾಡಿನ ಮುಂದೆ ಅವಳ ದನಿ ಯಾವ ಮೂಲೆಗೆ? ತಲೆಯೆತ್ತಿ ಗೋಪುರ ನೋಡಿದಳು.

ಏಣಿಯ ಮೆಟ್ಟಿಲುಗಳನ್ನು ಅವಳು ಹತ್ತಿದ್ದು ಕಾಲಿನಿಂದಲ್ಲ, ತೋಳಿನಿಂದ. ಪ್ರತಿ ಮೆಟ್ಟಿಲಿಗೂ ಮಂಡಿಯಲ್ಲಿ ಜೀವ ಹೋದಂತಾಗುತ್ತಿತ್ತು. ಮೇಲೆ ಹೋದರೆ, ತಾನೇ ಹಾಕಿದ ಗಂಟು. ಒದ್ದೆ ಹುರಿ ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಮರಗಟ್ಟಿದ ಬೆರಳಿಗೆ ಅದು ಸಿಗಲೊಲ್ಲದು. ಹಲ್ಲು ಹಾಕಿದಳು. “ಮಾತೆ, ಬಿಚ್ಚಿಸವ್ವಾ” ಎಂದು ಗೋಗರೆದಳು, ಅದೇ ಉಸಿರಿನಲ್ಲಿ ತನ್ನ ಕೈಗೆ ಹಿಡಿಶಾಪ ಹಾಕಿದಳು. ಗೋಪುರದ ಕಿಂಡಿಯಿಂದ ಮೆರವಣಿಗೆ ಕಾಣುತ್ತಿತ್ತು. ಹೊಲ ದಾಟಿಯಾಗಿತ್ತು; ತೋಪು ಇನ್ನೇನು ಬಂತು. ಅದರಾಚೆ ಕಾಲುವೆಯ ಬದಿಯ ಬಾಳೆತೋಟದಲ್ಲಿ ಗಾಳಿಯಿಲ್ಲದೆ ಬಾಳೆಗಿಡಗಳು ಒಂದೊಂದಾಗಿ ಮಲಗುತ್ತಿದ್ದವು.

ಹುರಿ ಬಿಚ್ಚಿತು. ಗೋಣಿತಾಟು ಕಿತ್ತೆಸೆದು ನಾಲಿಗೆಗೆ ಕೈ ಹಾಕಿದವಳು ಹಾಗೇ ನಿಂತಳು.

ಈಗ ಗಂಟೆ ಬಾರಿಸಿದರೆ ಅವರೇನೆನ್ನುತ್ತಾರೆ? ‘ಶುಕ್ರವಾರದ ಲೂರ್ದಮ್ಮ ಮತ್ತೆ ಮರೆತ್ಲು ಕಣ್ರೋ’ ಎನ್ನುತ್ತಾರೆ. ನಗುತ್ತಾರೆ, ಇಲ್ಲವೇ ಹಲ್ಲು ಕಡಿಯುತ್ತಾರೆ. ಕಾಲು ಮಾತ್ರ ನಿಲ್ಲಿಸುವುದಿಲ್ಲ. ನಗುತ್ತ ನಗುತ್ತಲೇ ತೋಪಿನೊಳಗೆ ಹೋಗುತ್ತಾರೆ. ಅವರನ್ನು ತಿರುಗಿಸುವ ಗಂಟೆ ಒಂದೇ. ಮರೆವಿನಿಂದ ಯಾರೂ ಸಾವಿನ ಗಂಟೆ ಬಾರಿಸುವುದಿಲ್ಲ. ಅದು ಕೇಳಿಸಿದರೆ, ನಿಯಮ ಮುರಿಯುವಷ್ಟು ದುಃಖ ಅವಳಿಗೆ ಬಂದಿದೆ ಎಂದೇ ಅರ್ಥ. ಅಂದರೆ ಚೌರಪ್ಪ ಹೋದ ಎಂದೇ ಅರ್ಥ.

ಬದುಕಿರುವವರಿಗೆ ಸಾವಿನ ಗಂಟೆ ಬಾರಿಸಿದರೆ ಅದು ಅವರನ್ನು ಕರೆದುಕೊಂಡೇ ಹೋಗುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಊರಲ್ಲಿ ಎಲ್ಲರೂ ಅದನ್ನು ನಂಬುತ್ತಾರೆ. ಲೂರ್ದಮ್ಮನೂ ನಂಬುತ್ತಾಳೆ. ಅದೂ ಅಲ್ಲದೆ ಆತ ಅಲ್ಲೇ ಹಿಂದಿನ ಬೀದಿಯಲ್ಲಿ ಒಬ್ಬನೇ ಮಲಗಿದ್ದಾನೆ, ಒಂದೊಂದು ಪೆಟ್ಟೂ ಕಿವಿಗೆ ಬೀಳುತ್ತದೆ. ಜೀವಮಾನವಿಡೀ ಊರಿನ ಸಾವುಗಳನ್ನು ಬಾರಿಸಿದವನಿಗೆ ಇದು ಯಾರ ಗಂಟೆ ಎಂದು ತಿಳಿಯದೆ ಇರುತ್ತದೆಯೇ? ಮೊದಲೇ ಹೋಗಿ ಹೇಳಿ ಬರೋಣವೆಂದರೆ ಹೊತ್ತಿಲ್ಲ.

“ನನ್ನ ಕ್ಷಮಿಸ್ಬುಡಿ” ಎಂದು ಮನೆಯ ಕಡೆಗೇ ಹೇಳಿದಳು. ಹೇಳಿ, ನಾಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಡಿದಳು.

ದನಿ ಅಡಗುವವರೆಗೆ ಕಾಯಬೇಕು. ಅದೇ ಕಷ್ಟ. ಮೈಕಿನಲ್ಲಿ ಹಾಡು ನಡೆದೇ ಇತ್ತು. ಮತ್ತೆ ಬಡಿದಳು. ಹಾಡು ನಿಲ್ಲಲಿಲ್ಲ. ಬೇಗ ಬೇಗ ಬಡಿಯೋಣವೆಂದು ಕೈ ತುಡಿಯುತ್ತಿತ್ತು; ಹಾಗೆ ಬಡಿದರೆ ಅದು ಸಾವಿನ ಗಂಟೆಯಾಗುವುದಿಲ್ಲ. ಹಲ್ಲು ಕಚ್ಚಿ ಕಾದಳು, ಬಡಿದಳು. ಅರುಳಪ್ಪನ ಶಿಲುಬೆ ತೋಪಿನ ನೆರಳಿಗೆ ಹೋಗಿಯೇಬಿಟ್ಟಿತು. ಇನ್ನೊಂದು ಪೆಟ್ಟಿಗೆ ಹಾಡು ಪಟಕ್ಕನೆ ನಿಂತಿತು. ಇಡೀ ಬಯಲೇ ಮೌನವಾಯಿತು. ಆ ಮೌನದೊಳಕ್ಕೆ ಮತ್ತೊಂದು ಪೆಟ್ಟು ಬಿತ್ತು. ಶಿಲುಬೆ ನೆರಳಿನಿಂದ ಈಚೆ ಬಂತು. ಬಂದು, ನೆಲಕ್ಕೆ ಬಿತ್ತು. ಅದನ್ನು ಬಿಟ್ಟು ಅವಳ ಮಗ ಊರ ಕಡೆ ಓಡಿ ಬರುತ್ತಿದ್ದ. ಅವನ ಹಿಂದೆ ಎಲ್ಲರೂ, ಆಟೊವನ್ನೂ ಅಲ್ಲೇ ಬಿಟ್ಟು.

ಅವಳು ಕೆಳಗಿಳಿಯುವಷ್ಟರಲ್ಲಿ ಜನ ಚರ್ಚನ್ನು ದಾಟಿ ಹೋಗಿದ್ದರು. ಯಾರು ಸತ್ತರೆಂದು ಕೇಳಲು ಒಬ್ಬರೂ ನಿಂತಿರಲಿಲ್ಲ. ಗೋಡೆ ಹಿಡಿದುಕೊಂಡು ಬೀದಿಗೆ ಬಂದಳು. ಮನೆಯ ಕಡೆಯಿಂದ ಹೆಂಗಸರು ಎದೆ ಬಡಿದುಕೊಂಡು ಅಳುವ ಸದ್ದು. ಅದರ ಮೇಲೆ ಅರುಳಪ್ಪನ ದನಿ, “ಅಪ್ಪಾ...” ಎಂದು ಎಳೆದು ಕೂಗಿದ್ದು. ಕೊಂದೆ, ನಾನೇ ಕೊಂದೆ ಎಂದುಕೊಂಡಳು. ಹೇಗೆ ನಡೆದಳೋ ಅವಳಿಗೇ ಗೊತ್ತಿಲ್ಲ. ಅಂಗಳದ ಜನ ಸರಿದು ದಾರಿ ಬಿಟ್ಟರು.

ಚೌರಪ್ಪ ದಿಂಬಿಗೊರಗಿ ಕೂತಿದ್ದ. ಕಣ್ಣು ಪಿಳಿಪಿಳಿ ಬಿಡುತ್ತ ಒಬ್ಬೊಬ್ಬರನ್ನೇ ನೋಡುತ್ತಿದ್ದ. ಅರುಳಪ್ಪ ಅವನ ಕಾಲು ಹಿಡಿದುಕೊಂಡು ಬಿಕ್ಕುತ್ತಿದ್ದ.

“ಅಮ್ಮಾ, ಏನಿದು ನೀವು ಮಾಡಿದ್ದು?” ಫಾದರ್ ವಿನ್ಸೆಂಟರ ಮುಖ ಕೆಂಪಾಗಿತ್ತು. “ಇಂಥ ದಿನ, ಇಂಥ ಸುಳ್ಳು!”

“ಆನೆ” ಅಂದಳು ಲೂರ್ದಮ್ಮ. ತೋಪಿನ ಕಡೆ ಕೈ ತೋರಿಸಿದಳು.

ಅರುಳಪ್ಪ ತಲೆ ಎತ್ತಿ, “ತಲೆ ಕೆಟ್ಟೈತೇನವ್ವ ನಿಂಗೆ?” ಎಂದು ರೇಗುವಷ್ಟರಲ್ಲಿ ತೋಪಿನ ಕಡೆಯಿಂದ ಘೀಳು ಕೇಳಿಸಿತು. ಆಮೇಲೆ ತಗಡು ಹರಿಯುವಂಥ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಜಯಕುಮಾರ್ ಬೈಕಿನಲ್ಲಿ ಬಂದು, ಜನರನ್ನು ಕಂಡು ಹಾಗೇ ಕುಸಿದು ಕೂತ. “ಎಲ್ಲಾರೂ ಬಂದ್ರಾ? ಯಾರೂ ಹಿಂದೆ ಉಳ್ದಿಲ್ವಾ? ನಿಮ್ ಆಟೊ ಅಪ್ಪಚ್ಚಿಯಾಗೈತೆ. ತೋಪಲ್ಲಿ ಒಂದ್ ಮರ ನೆಟ್ಟಗಿಲ್ಲ.”

ಫಾದರ್ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು. ಅರುಳಪ್ಪ ತಾಯಿಯ ಮುಖ ನೋಡಲಾರದೆ ನೆಲ ನೋಡಿದ. ಲೂರ್ದಮ್ಮನಿಗೆ ಅದೊಂದೂ ಬೇಕಿರಲಿಲ್ಲ. ಗಂಡನ ಪಕ್ಕ ಹೋಗಿ ಕೂತಳು.

“ಏನಮ್ಮಿ” ಅಂದ ಚೌರಪ್ಪ, ತೊದಲುತ್ತ. “ನಂಗೇನಾ ಬಾರ್ಸಿದ್ದು?”

“ಹೂಂ.”

“ಅದೇ ಅಂದ್ಕೊಂಡೆ. ತೊಡೆ ಚಿವುಟ್ಕೊಂಡ್ ನೋಡ್ದೆ, ನೋವಾಯ್ತು. ಸರಿ, ಇವ್ಳು ಸುಮ್ಸುಮ್ನೆ ಬಾರ್ಸೋಳಲ್ಲ, ಏನೋ ಆಗೈತೆ ಅಂತ ಕಾಯ್ತಾ ಇದ್ದೆ.” ಬಾಗಿಲು, ಕಿಟಕಿ, ಅಂಗಳ ತುಂಬಿದ್ದ ಜನರನ್ನು ಮತ್ತೆ ನೋಡಿದ. “ಇಷ್ಟ್ ಜನ ಅವ್ರಾ ನಂಗೆ? ಗೊತ್ತೇ ಇರ್ಲಿಲ್ಲ ಕಣಮ್ಮಿ.”

ಭೇಟಿ ಬಳಗದ ಸರಸಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

“ಎಲ್ಲಾ ಉಳ್ಕಂಡ್ರು ತಾನೇ?” ಎಂದು ಚೌರಪ್ಪನೇ ಕೇಳಿದ. “ಹಂಗಾರೆ ನನ್ ಗಂಟೆ ಒಳ್ಳೇದಕ್ಕೇ ಖರ್ಚಾಯ್ತು ಬುಡು. ನಾನು ಹೋದಾಗ ಮತ್ತೆ ಬಾರ್ಸ್‌ಬ್ಯಾಡ.”

“ಬಾಯ್ ಮುಚ್ಕಂಡಿರಿ ಸುಮ್ನೆ” ಎಂದು ಗದರಿ, ಲೂರ್ದಮ್ಮ ಅವನ ಬಿದ್ದುಹೋದ ಕೈಯನ್ನು ಮಡಿಲಿಗೆ ಎಳೆದುಕೊಂಡು, ಅಷ್ಟು ಜನರ ಮುಂದೆ ಗಟ್ಟಿಯಾಗಿ ಅತ್ತಳು. ಶಿಲುಬೆಹಾದಿಯಲ್ಲಿ ಉಳಿದಿದ್ದ ಪ್ರಾರ್ಥನೆಗಳನ್ನು ಫಾದರ್ ಆ ಅಂಗಳದಲ್ಲೇ ಮುಗಿಸಿದರು. ಮೈಕಿಲ್ಲದೆ, ಮೆಲ್ಲಗೆ.

ಹಗ್ಗದ ಮಾತನ್ನು ಹಿರಿಯರು ಮತ್ತೆ ಎತ್ತಲಿಲ್ಲ. ಅಂದಿನಿಂದ ಆ ಮನೆಗೆ ದಿನಕ್ಕೊಬ್ಬರಾದರೂ ಬಂದು ಕೂತು, ಅದೂ ಇದೂ ಹರಟಿ, ಕಾಫಿ ಕುಡಿದು ಹೋಗುತ್ತಿದ್ದರು. ‘ಇವರ ಕಾಟ ತಡೆಯಕ್ಕಾಗಲ್ಲ’ ಎಂದು ಗೊಣಗುತ್ತಲೇ ಚೌರಪ್ಪ ಬಾಗಿಲ ಕಡೆ ನೋಡುತ್ತಿದ್ದ. ರಾಗಿ ಕೊಯ್ಲಿನ ಹೊತ್ತಿಗೆ, ಒಂದು ಬೆಳಗ್ಗೆ, ನಿದ್ದೆಯಲ್ಲೇ ತೀರಿಕೊಂಡ. ಅರುಳಪ್ಪ ಗಂಟೆಯ ಕಡೆ ಹೊರಟಾಗ ಲೂರ್ದಮ್ಮ ತೋಳು ಹಿಡಿದು ನಿಲ್ಲಿಸಿದಳು. ‘ಅವರದು ಆಗೋಗೈತೆ ಕಣಪ್ಪ’ ಎಂದಳು. ಅವತ್ತು ಜೋಜಿಪಾಳ್ಯದಲ್ಲಿ ಯಾರೂ ಸಾವಿನ ಗಂಟೆ ಬಾರಿಸಲಿಲ್ಲ. ಆದರೂ ಹೊಲದಲ್ಲಿದ್ದವರು ಕುಡುಗೋಲು ಕೆಳಗಿಟ್ಟು ಬಂದರು.